ಹತ್ತನೇ ತರಗತಿ ಪೋಷಕರಿಗೆ: ಶನಿವಾರ ಸೀಬೆ ಮರಕ್ಕೆ ಗೂಟಿ ಕಟ್ಟುತ್ತೇವೆ

ಪೋಷಕರಿಗೆ ನಮಸ್ಕಾರ.

ಮಕ್ಕಳಿಗೆ ವಿಜ್ಞಾನದಲ್ಲಿ ಈಗ ಜೀವಕ್ರಿಯೆಗಳ ಪಾಠ ನಡೆಯುತ್ತಿದೆ. ಎಲೆಯಲ್ಲಿ ತಯಾರಾದ ಸಕ್ಕರೆ ಗಿಡದ ಬೇರೆ ಭಾಗಗಳಿಗೆ ಹೇಗೆ ಹೋಗುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಿ ಬರೆದರೆ ಅಂಕವೇನೋ ಬರುತ್ತದೆ. ಆದರೆ ಕಬ್ಬು ಬೆಳೆಯುವ ಊರಿನ ಮಕ್ಕಳು ಇದನ್ನು ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಬರುವ ಶನಿವಾರ ಶಾಲೆಯ ಸೀಬೆ ಮರಕ್ಕೆ ಗೂಟಿ ಕಟ್ಟಿಸುತ್ತಿದ್ದೇವೆ, ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಹೊಸ ಗಿಡ ಮಾಡುತ್ತೇವೆ.

ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ, ಸುತ್ತಲೂ ಒಂದು ಇಂಚು ಅಗಲ ತೊಗಟೆ ಬಿಡಿಸುತ್ತೇವೆ. ಒದ್ದೆ ತೆಂಗಿನ ನಾರು ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತೇವೆ. ಎಲೆ ಬಾಡುವುದಿಲ್ಲ. ಯಾಕೆಂದರೆ ನೀರು ಏರುವ ಕ್ಸೈಲಮ್ ಒಳಗಿನ ಕಟ್ಟಿಗೆಯಲ್ಲಿ ಹಾಗೇ ಇರುತ್ತದೆ. ತೊಗಟೆಯ ಜೊತೆ ಕಿತ್ತು ಬರುವುದು ಸಕ್ಕರೆ ಸಾಗಿಸುವ ಫ್ಲೋಯೆಮ್. ಇಳಿಯುತ್ತಿದ್ದ ಸಕ್ಕರೆ ಗಾಯದ ಮೇಲಂಚಿನಲ್ಲೇ ನಿಲ್ಲುತ್ತದೆ. ಅಲ್ಲಿ ತೊಗಟೆ ಊದಿಕೊಳ್ಳುತ್ತದೆ, ಒಂದೂವರೆ ಎರಡು ತಿಂಗಳಲ್ಲಿ ಬೇರು ಒಡೆಯುತ್ತದೆ. ಬೇರು ಬರುವುದು ಮೇಲಂಚಿನಲ್ಲಿ, ಕೆಳಗಿನ ಅಂಚಿನಲ್ಲಿ ಅಲ್ಲ. ಇದನ್ನು ಮಕ್ಕಳು ತಾವೇ ಗಮನಿಸಬೇಕು.

ಗಿಡಕ್ಕೆ ಹೃದಯ ಇಲ್ಲ ಅಲ್ವಾ, ಹಾಗಾದರೆ ಈ ಸಕ್ಕರೆ ರಸವನ್ನು ತಳ್ಳುವುದು ಯಾವುದು? ಜರ್ಮನಿಯ ಅರ್ನ್ಸ್ಟ್ ಮ್ಯುಂಖ್ 1930ರಲ್ಲಿ ಕೊಟ್ಟ ವಿವರಣೆಯನ್ನೇ ಇವತ್ತಿಗೂ ಹೇಳಿಕೊಡುತ್ತೇವೆ. ಎಲೆ ಸುಕ್ರೋಸ್ ಅನ್ನುವ ಸಕ್ಕರೆಯನ್ನು ಫ್ಲೋಯೆಮ್‌ನ ಜರಡಿ ನಾಳಗಳಿಗೆ ತುಂಬುತ್ತದೆ. ರಸ ಮಂದವಾದಾಗ ಪಕ್ಕದ ಕ್ಸೈಲಮ್‌ನಿಂದ ನೀರು ತಾನಾಗಿ ಒಳಗೆ ಬರುತ್ತದೆ, ಒತ್ತಡ ಏರುತ್ತದೆ. ಬೇರು, ಕಾಯಿ, ಚಿಗುರು ಸಕ್ಕರೆ ತೆಗೆದುಕೊಳ್ಳುವ ಕಡೆ ಒತ್ತಡ ಇಳಿಯುತ್ತದೆ. ಆ ಕಡೆಗೆ ರಸ ಹರಿಯುತ್ತದೆ, ಗಂಟೆಗೆ ಸುಮಾರು ಒಂದು ಮೀಟರ್‌ನಂತೆ.

ಅವರೆ ಗಿಡಕ್ಕೆ ಹೇನು ಬಿದ್ದಾಗ ಎಲೆಯೆಲ್ಲ ಅಂಟಂಟಾಗಿ ಇರುವೆ ಮುತ್ತುವುದನ್ನು ನೀವು ನೋಡಿರುತ್ತೀರಿ. ಹೇನು ತನ್ನ ಸೂಜಿಬಾಯಿಯನ್ನು ಸೀದಾ ಜರಡಿ ನಾಳಕ್ಕೇ ಚುಚ್ಚುತ್ತದೆ. ಒತ್ತಡಕ್ಕೆ ರಸ ತಾನೇ ಅದರ ಹೊಟ್ಟೆಗೆ ನುಗ್ಗುತ್ತದೆ, ಜಾಸ್ತಿಯಾದ ಸಿಹಿ ಹಿಂದಿನಿಂದ ಹೊರಬೀಳುತ್ತದೆ. ವಿಜ್ಞಾನಿಗಳು ಹೇನನ್ನು ತೆಗೆದು ಸೂಜಿಬಾಯಿಯನ್ನಷ್ಟೇ ಉಳಿಸಿದಾಗಲೂ ರಸ ಗಂಟೆಗಟ್ಟಲೆ ತೊಟ್ಟಿಕ್ಕುತ್ತಲೇ ಇತ್ತು. ಒಳಗೆ ಒತ್ತಡ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಮನೆಯಲ್ಲಿ ಬಲಿತ ಕಬ್ಬಿದ್ದರೆ ಬುಡದ ತುಂಡು, ತುದಿಯ ತುಂಡು ಎರಡನ್ನೂ ಮಕ್ಕಳಿಗೆ ಕೊಡಿ. ತುದಿ ಯಾಕೆ ಸಪ್ಪೆ ಅಂತ ಕೇಳಿ. ತುದಿ ಇನ್ನೂ ಬೆಳೆಯುತ್ತಿದೆ, ಬಂದ ಸಕ್ಕರೆ ಅಲ್ಲೇ ಖರ್ಚಾಗುತ್ತದೆ. ಬುಡದಲ್ಲಿ ಬೆಳವಣಿಗೆ ಮುಗಿದು ಸಕ್ಕರೆ ಶೇಖರವಾಗಿದೆ. ಉತ್ತರವನ್ನು ಮಾತ್ರ ನೀವಾಗಿ ಹೇಳಿಬಿಡಬೇಡಿ, ಅವರೇ ಯೋಚಿಸಲಿ.

ಇನ್ನೊಂದು ವಿನಂತಿ. ಬಟ್ಟೆ ಒಣಹಾಕಲು ಹಿತ್ತಲ ಮರಕ್ಕೆ ತಂತಿ ಬಿಗಿದಿದ್ದರೆ ದಯವಿಟ್ಟು ಬಿಚ್ಚಿಬಿಡಿ. ಮರ ದಪ್ಪವಾದ ಹಾಗೆ ತಂತಿ ತೊಗಟೆಯೊಳಗೆ ಇಳಿದು ಫ್ಲೋಯೆಮನ್ನು ಹಿಸುಕುತ್ತದೆ. ಸುತ್ತಲೂ ದಾರಿ ಕಟ್ಟಿಹೋದರೆ ಬೇರಿಗೆ ಆಹಾರ ಸಿಗದೆ ದೊಡ್ಡ ಮರವೂ ನಿಧಾನಕ್ಕೆ ಒಣಗುತ್ತದೆ.

ಬ್ಲೇಡ್ ಕೆಲಸವನ್ನು ಶಿಕ್ಷಕರೇ ಮಾಡುತ್ತಾರೆ, ಭಯ ಬೇಡ. ಮಕ್ಕಳ ಕೈಲಿ ಒಂದು ಹಿಡಿ ತೆಂಗಿನ ನಾರು, ಸ್ವಲ್ಪ ಸೆಣಬಿನ ದಾರ ಕಳಿಸಿ. ಈ ಪತ್ರಕ್ಕೆ ಸಹಿ ಹಾಕಿ ಗುರುವಾರದೊಳಗೆ ವಾಪಸ್ ಕೊಡಿ. ಗೂಟಿ ಕಟ್ಟಿ ಪಳಗಿದ ಅಜ್ಜ, ಅಜ್ಜಿ ಯಾರಾದರೂ ಮನೆಯಲ್ಲಿದ್ದರೆ ಅವರನ್ನೂ ಖಂಡಿತ ಕರೆದುಕೊಂಡು ಬನ್ನಿ. ಬೇರು ಬಿಟ್ಟ ಗಿಡಗಳನ್ನು ಮಕ್ಕಳು ಮನೆಗೆ ತರುತ್ತಾರೆ, ನೆಡಲು ಜಾಗ ನೋಡಿಟ್ಟಿರಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು