ಗೋದಾಮಿನ ಕೀಲಿ ಹಿಂದಿರುಗಿಸುವ ಮುನ್ನ

ಕಳೆದ ತಿಂಗಳು ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ ಬಿಡುಗಡೆಯಾಯಿತು. 2016ರಲ್ಲಿ ಮಡಿಕೇರಿಯಲ್ಲಿ ಪದವಿ ಓದುತ್ತಿದ್ದಾಗ ಎರಡು ಗಿಟಾರು, ಒಂದು ಬೇಸ್ ಗಿಟಾರು ಮತ್ತು ಸಾಲ ಮಾಡಿ ತಂದ ಹಳೆಯ ಡ್ರಮ್ಸ್ ಇಟ್ಟುಕೊಂಡು ಒಟ್ಟುಗೂಡಿದ ನಾವು ನಾಲ್ವರು ಎಂಟು ಹಾಡುಗಳನ್ನು ಕೇಳುಗರ ಮುಂದಿಡಲು ಇಷ್ಟು ವರ್ಷ ಬೇಕಾಯಿತು. ಈ ಹಾಡುಗಳಲ್ಲಿ ಪಾಲಿರುವ ಹಲವರು ತಮ್ಮ ಹೆಸರು ಹಾಕುವುದು ಬೇಡವೆಂದರು. ಆದ್ದರಿಂದ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ; ಓದಿದಾಗ ಅವರಿಗೆ ತಮ್ಮ ಮಾತೇ ಎಂದು ತಿಳಿಯುತ್ತದೆ.

ಮೊದಲ ಕೃತಜ್ಞತೆ ಸುಂಟಿಕೊಪ್ಪದ ಬಳಿಯ ತೋಟದ ಮಾವನಿಗೆ ಸಲ್ಲಬೇಕು. ಮನೆಗಳಲ್ಲಿ ಅಭ್ಯಾಸ ಮಾಡಲಾಗದೆ ಅಲೆಯುತ್ತಿದ್ದ ನಮಗೆ ಅವರು ತಮ್ಮ ಕಾಫಿ ಗೋದಾಮಿನ ಕೀಲಿಯನ್ನು ತೋಟದ ಲೆಕ್ಕ ಬರೆಯುವ ರೈಟರ್ ಅಣ್ಣನ ಕೈಯಲ್ಲಿ ಕೊಡಿಸಿದರು. ಬಾಡಿಗೆಯ ಮಾತನ್ನು ಇಂದಿನವರೆಗೂ ಎತ್ತಿಲ್ಲ. ಒಂದು ಬದಿಯಲ್ಲಿ ಪೇರಿಸಿಟ್ಟ ಕಾಫಿ ಚೀಲಗಳು ಸದ್ದನ್ನು ಹೀರಿಕೊಳ್ಳುತ್ತಿದ್ದುದರಿಂದ ಡ್ರಮ್ಸ್ ಮತ್ತು ಗಿಟಾರು ಅಲ್ಲಿ ಬೇರೆ ಬೇರೆಯಾಗಿ ಸ್ಪಷ್ಟವಾಗಿ ಕೇಳುತ್ತಿದ್ದವು, ಚೀಲಗಳು ಲಾರಿ ಹತ್ತಿದ ಮೇಲೆ ಅದೇ ಗೋದಾಮು ಬಾವಿಯಂತೆ ಮೊಳಗುತ್ತಿತ್ತು. ಡಿಸೆಂಬರಿನಿಂದ ಮಾರ್ಚಿಯವರೆಗೆ ಕೊಯ್ಲು, ಒಣಗಿಸುವಿಕೆ, ಮೂಟೆ ಕಟ್ಟುವಿಕೆ ನಡೆಯುವಾಗ ನಮಗೆ ಜಾಗವಿರುತ್ತಿರಲಿಲ್ಲ. ಮಳೆಗಾಲದಲ್ಲಿ ಜಾಗವಿದ್ದರೂ ಶೀಟಿನ ಮೇಲೆ ಬೀಳುವ ಮಳೆಯ ಮುಂದೆ ಆಂಪ್ಲಿಫೈಯರ್ ಸೋಲುತ್ತಿತ್ತು, ಮೇಲಾಗಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಆ ದಿನಗಳಲ್ಲಿ ಕರೆಂಟ್ ಬೇಡದ ಒಂದೇ ಗಿಟಾರಿನ ಸುತ್ತ ಕುಳಿತು ಹಾಡುಗಳನ್ನು ಕಟ್ಟಿದೆವು. ಹಾಗೆ ಕಟ್ಟಿದ್ದರಿಂದಲೇ ಅವುಗಳ ಧಾಟಿ ಗಟ್ಟಿಯಾಗಿ ನಿಂತಿತೆಂದೂ, ಗಿಟಾರಿನ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲಿನ ಗದ್ದಲ ಬಂದದ್ದು ಅದರ ನಂತರವೇ ಎಂದೂ ನಾನು ನಂಬಿದ್ದೇನೆ.

ಕೊಡಗಿನ ಮಳೆಯಲ್ಲಿ ಗಿಟಾರನ್ನು ಉಳಿಸಿಕೊಳ್ಳುವುದೇ ಒಂದು ದುಡಿಮೆ. ತೇವಕ್ಕೆ ಮರ ಉಬ್ಬುತ್ತದೆ, ಶ್ರುತಿ ನಿಲ್ಲುವುದಿಲ್ಲ, ತಂತಿಗಳು ವಾರದೊಳಗೆ ತುಕ್ಕು ಹಿಡಿಯುತ್ತವೆ. ಬಟ್ಟೆ ಒಣಗಿಸಲು ಹೊತ್ತಿಸಿದ ಅಗ್ಗಿಷ್ಟಿಕೆಯಿಂದ ಎಷ್ಟು ದೂರದಲ್ಲಿಟ್ಟರೆ ಗಿಟಾರಿನ ತೇವ ಆರುತ್ತದೆ, ಎಷ್ಟು ಹತ್ತಿರವಾದರೆ ಅಂಟು ಬಿಡುತ್ತದೆ ಎಂಬುದನ್ನು ನನಗಿಂತ ಮೊದಲು ಅರಿತವರು ನನ್ನ ಅಮ್ಮ. ಪ್ರತಿ ಜುಲೈಯಲ್ಲಿ ಅವರು ಅದನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಕಾಪಾಡಿದ್ದಾರೆ.

2018ರ ಆಗಸ್ಟ್ ಬಗ್ಗೆ ಬರೆಯುವುದು ಇಂದಿಗೂ ಸುಲಭವಲ್ಲ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಆ ವಾರದಲ್ಲಿ ನಮ್ಮ ಡ್ರಮ್ಮರ್‌ನ ಮನೆ ಹೋಯಿತು. ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಬಂದು ಜೀವ ಉಳಿಸಿಕೊಂಡರು. ಅಭ್ಯಾಸಕ್ಕೆಂದು ಅವನು ಮನೆಗೆ ಒಯ್ದಿದ್ದ ಡ್ರಮ್ಸ್ ಮಣ್ಣಿನಡಿ ಉಳಿಯಿತು. ಪರಿಹಾರ ಕೇಂದ್ರದಲ್ಲಿ ಅವನ ಪಕ್ಕ ಕುಳಿತಾಗ ಬ್ಯಾಂಡಿನ ಮಾತೆತ್ತಲು ನಮಗೆ ಬಾಯಿ ಬರಲಿಲ್ಲ. ತಿಂಗಳುಗಳ ನಂತರ, ನಮ್ಮನ್ನು ಒಮ್ಮೆ ಮಾತ್ರ ಕೇಳಿದ್ದ ಕುಶಾಲನಗರದ ಒಬ್ಬ ಅಕ್ಕ ತಮ್ಮ ತೀರಿಹೋದ ತಮ್ಮನ ಡ್ರಮ್ಸನ್ನು ಜೀಪಿನಲ್ಲಿ ಹಾಕಿಸಿ ಕಳುಹಿಸಿದರು. ಜೊತೆಗಿದ್ದ ಚೀಟಿಯಲ್ಲಿ, ಮೂಲೆಯಲ್ಲಿಟ್ಟು ನೋಡಲು ತಮ್ಮಿಂದಾಗುವುದಿಲ್ಲ, ನುಡಿಸಿದರೆ ಕೇಳಲಾದೀತು ಎಂದು ಬರೆದಿದ್ದರು. ಅಕ್ಕ, ಆಲ್ಬಮ್ಮಿನ ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ ಕೇಳುವುದು ಆ ಡ್ರಮ್ಸೇ.

ಅದರ ಮುಂದೆ ಮತ್ತೆ ಕುಳಿತ ಗೆಳೆಯನಿಗೆ ಕೈ ಬರಲಿಲ್ಲ. ಆಗ ಅವನನ್ನು ಮದುವೆ ಮನೆಗಳಿಗೆ ಜೊತೆಯಲ್ಲಿ ಕರೆದೊಯ್ದವರು ನಮ್ಮೂರಿನ ವಾಲಗದ, ಎಂದರೆ ಮದುವೆಗಳ ಕುಣಿತಕ್ಕೆ ನುಡಿಸುವ ವಾದ್ಯಮೇಳದ, ಹಿರಿಯರು. ಹುಟ್ಟಿದಾಗಿನಿಂದ ವಾಲಗ ಕೇಳಿ ಕುಣಿದವನಾದರೂ ಅದರ ಲಯವನ್ನು ಅಂಕಿಗಳಲ್ಲಿ ಹಿಡಿಯಹೊರಟಾಗಲೆಲ್ಲ ಅವನು ತಪ್ಪುತ್ತಿದ್ದ. “ಎಣಿಸಬೇಡ ಮಗಾ, ಮೊದಲು ಹೆಜ್ಜೆ ಹಾಕು” ಎಂದಷ್ಟೇ ಅವರು ಹೇಳಿದ್ದು. ಆಲ್ಬಮ್ಮಿನ ಐದನೆಯ ಹಾಡಿನಲ್ಲಿ ಗಿಟಾರು ನಿಂತು ಡ್ರಮ್ಸ್ ಒಂದೇ ಉಳಿಯುವ ಭಾಗ ಆ ಮದುವೆ ಮನೆಗಳಲ್ಲಿ ಕಲಿತದ್ದು. ಅದನ್ನು ನಮ್ಮ ಸ್ವಂತ ಸೃಷ್ಟಿಯೆಂದು ಹೇಳಿಕೊಳ್ಳಲು ನಮಗೆ ಹಕ್ಕಿಲ್ಲ.

ರೈಲೇ ಇಲ್ಲದ ಜಿಲ್ಲೆಯಲ್ಲಿ ಕುಳಿತು ಆಲ್ಟರ್ನೇಟಿವ್ ರಾಕ್ ನುಡಿಸಿ ಏನು ಮಾಡುತ್ತೀರಿ ಎಂದು ಕೇಳಿದವರಿದ್ದರು. ಆದರೆ 1980ರಲ್ಲಿ ಆ ಬಗೆಯ ಸಂಗೀತದ ಹೆಸರಾಂತ ಅಮೆರಿಕನ್ ಬ್ಯಾಂಡ್ ಆರ್.ಇ.ಎಂ. ಹುಟ್ಟಿದ್ದು ನ್ಯೂಯಾರ್ಕಿನಲ್ಲಲ್ಲ, ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಅದನ್ನು ಬೆಳೆಸಿದ್ದು ಕಾಲೇಜು ರೇಡಿಯೋಗಳು. ಹತ್ತಿರದಲ್ಲೇ ನೋಡುವುದಾದರೆ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿ ಕನ್ನಡಕ್ಕೆ ಈ ಸದ್ದು ಒಗ್ಗುತ್ತದೆಂದು ತೋರಿಸಿದ್ದರು. ಈ ಎರಡನ್ನೂ ನಮಗೆ ಮೊದಲು ಕೇಳಿಸಿದ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ನಾವು ಋಣಿಗಳು.

ಬೆಂಗಳೂರಿನ ಕಾರ್ಯಕ್ರಮಗಳಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಮರುರಾತ್ರಿಯ ಬಸ್ಸಿನಲ್ಲಿ ಮರಳುತ್ತಿದ್ದೆವು. ಒಮ್ಮೆ ಆಯೋಜಕರು ಒಪ್ಪಿದ ಹಣ ಕೊಡದೆ ಕಳುಹಿಸಿದಾಗ, ಸಾಮಾನು ಹೊತ್ತು ನಿಂತಿದ್ದ ನಮ್ಮ ಮುಖ ನೋಡಿಯೇ ಕಂಡಕ್ಟರ್ ಅಣ್ಣ ತಮ್ಮ ಕಿಸೆಯಿಂದ ಹಣ ಹಾಕಿ ಟಿಕೆಟ್ ಹರಿದುಕೊಟ್ಟರು. ಆ ಹಣವನ್ನು ಮರಳಿಸಲು ಎರಡು ವರ್ಷ ಹುಡುಕಿದ್ದೇವೆ, ಅವರು ಸಿಕ್ಕಿಲ್ಲ.

ಆಲ್ಬಮ್ಮಿನ ಒಂದು ಹಾಡು ಕೊಡಗಿನಲ್ಲಿ ಆಡುವ ಕನ್ನಡದ ಉಪಭಾಷೆಯಾದ ಅರೆಭಾಷೆಯಲ್ಲಿದೆ. ಪುಸ್ತಕದ ಕನ್ನಡ ನುಸುಳಿದಲ್ಲೆಲ್ಲ ನಿಲ್ಲಿಸಿ, ಸರಿಯಾದ ಮಾತನ್ನು ಬಾಯಿಗೆ ಹಾಕಿದವರು ಬೇಸ್ ನುಡಿಸುವ ಗೆಳೆಯನ ಅಜ್ಜಿ. ರೆಕಾರ್ಡಿಂಗ್ ಮುಗಿಯುವ ಮೊದಲೇ ಅವರು ತೀರಿಕೊಂಡರು. ಸ್ಟುಡಿಯೋದಲ್ಲಿ ಆ ಹಾಡನ್ನು ಹಾಡುವಾಗ ನನಗೆ ಕೇಳುತ್ತಿದ್ದುದು ಅವರ ಉಚ್ಚಾರವೇ.

ಈ ವರ್ಷ ಹಣ್ಣು ಬೇಗ ಕೆಂಪಾಗುತ್ತಿರುವುದರಿಂದ ಮುಂದಿನ ವಾರದೊಳಗೆ ಗೋದಾಮು ಖಾಲಿ ಮಾಡಬೇಕೆಂದು ರೈಟರ್ ಅಣ್ಣ ತಿಳಿಸಿದ್ದಾರೆ. ಭಾನುವಾರ ಸಂಜೆ, ಸಾಮಾನು ಕಟ್ಟುವ ಮೊದಲು, ಎಂಟೂ ಹಾಡುಗಳನ್ನು ಅಲ್ಲಿಯೇ ನುಡಿಸುತ್ತೇವೆ. ಇಷ್ಟು ವರ್ಷ ನಮ್ಮ ತಪ್ಪುಗಳನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡ, ತೋಟದ ಕೆಲಸಗಾರರ ಸಾಲು ಮನೆಗಳಾದ ಲೈನ್ ಮನೆಯವರು ಮಕ್ಕಳೊಂದಿಗೆ ಬರುತ್ತೇವೆಂದಿದ್ದಾರೆ. ಮಾವ, ನೀವೂ ಬರಬೇಕು. ನಿಮ್ಮ ಕುರ್ಚಿಯನ್ನು ಡ್ರಮ್ಸಿನಿಂದ ದೂರ, ಬಾಗಿಲ ಪಕ್ಕದಲ್ಲಿ ಹಾಕಿರುತ್ತೇವೆ. ಕೀಲಿಯನ್ನು ಅಂದೇ ನಿಮ್ಮ ಕೈಗೆ ಒಪ್ಪಿಸುತ್ತೇವೆ.