ನೌಕರಿ ಬಿಡುವ ಮುಂಚೆ

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. ಮೂರು ಪುಟ ಬದುಕಿನ ಉದ್ದೇಶದ ಬಗ್ಗೆಯೇ ಬರೆದಿದ್ದೀಯ. ನಾಡಕಚೇರಿಯಲ್ಲಿ ಕೂತು ದಿನವಿಡೀ ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿ ಟೈಪ್ ಮಾಡೋದರಲ್ಲಿ ಏನು ಸಾರ್ಥಕ, ಕೆಲಸ ಬಿಟ್ಟು ಬರೀತಾ ಕೂರಲಾ ಅಕ್ಕಾ, ಅಂತ ಕೇಳಿದ್ದೀಯ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಹೊಸಬರ ಕಥಾಸಂಕಲನ ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚಾದರೆ ದೊಡ್ಡದು. ಬೆಲೆ 150 ರೂಪಾಯಿ, ಗೌರವಧನ ನೂರಕ್ಕೆ ಹತ್ತು ಅಂತ ಇಟ್ಟುಕೋ. ಅಷ್ಟೂ ಮಾರಾಟವಾದರೆ ನಿನಗೆ ಬರೋದು 15,000. ಅಪ್ಪನ ಔಷಧಿ, ತಂಗಿಯ ಕಾಲೇಜು ಫೀಸು ಇದರಲ್ಲಿ ಆಗುತ್ತಾ? ಈ ಲೆಕ್ಕ ಇಲ್ಲಿಗೆ ಸಾಕು.

ಈಗ ನಿನ್ನ ಕಾಗದದ ವಿಷಯ. ಮೂರು ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯಲ್ಲಿ ನೀನು ಸುಮ್ನೆ ಸೇರಿಸಿದ ನಾಲ್ಕು ಸಾಲು. ಯಾರೋ ಇಬ್ಬರು ಅಣ್ಣತಮ್ಮಂದಿರು, ತಮ್ಮ ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು, ಅಂದರೆ ಅವನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷಕ್ಕೆ ಅರ್ಜಿ ಹಿಡಿದು ಬಂದರು. ಅದರಲ್ಲಿ ತಾಯಿಯ ಹೆಸರು, ಇವರಿಬ್ಬರ ಹೆಸರು, ಅಷ್ಟೇ. ನೀನು "ಹೆಣ್ಣುಮಕ್ಕಳು ಇಲ್ವಾ?" ಅಂದೆ. "ಇದ್ದಾಳೆ ಸಾರ್, ಮದುವೆ ಮಾಡಿ ಕೊಟ್ಟಾಯ್ತಲ್ಲ" ಅಂದರು. "ಕೊಟ್ಟರೂ ಬರೀಬೇಕು" ಅಂದೆ. ದೊಡ್ಡವನು ಗೊಣಗುತ್ತಾ ಅರ್ಜಿ ಕಿತ್ತುಕೊಂಡು ಹೋದ. ಮುಂದಿನ ವಾರ ಹೊಸ ಅಫಿಡವಿಟ್ ತಂದರು, ಅವರ ಅಕ್ಕನ ಹೆಸರು ಇತ್ತು. ಇಷ್ಟು ಬರೆದು ನೀನು ಮತ್ತೆ ಉದ್ದೇಶಕ್ಕೆ ಹಾರಿಬಿಟ್ಟೆ!

ಅಲ್ಲಪ್ಪಾ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದದ್ದು 2005ರಲ್ಲಿ. ದೆಹಲಿಯಲ್ಲಿ ಆದ ಆ ಕಾನೂನು ನಿನ್ನ ಹೋಬಳಿಯ ಒಬ್ಬ ಹೆಂಗಸಿನ ತನಕ ಬಂದದ್ದು ನೀನು ಕೇಳಿದ ಒಂದು ಪ್ರಶ್ನೆಯಿಂದ. ಗ್ರಾಮ ಆಡಳಿತ ಅಧಿಕಾರಿ ಸ್ಥಳ ಮಹಜರಿಗೆ ಹೋಗಿ ವಿಚಾರಿಸಬೇಕು ನಿಜ. ಆದರೆ ಊರಿನ ಪಂಚರೂ "ಇಬ್ಬರೇ ಮಕ್ಕಳು" ಅಂದುಬಿಟ್ಟರೆ? ನಾಳೆ ಅಕ್ಕನಿಗೆ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬಹುದು. ಅದೂ ನಡೆಯುತ್ತೆ. ಆದರೂ ಸಹಿ ಬೇಕಾದರೆ ಅವಳ ಮನೆ ಬಾಗಿಲಿಗೆ ಹೋಗಬೇಕಲ್ಲ? ಅವಳು ಇದ್ದಾಳೆ ಅಂತಲಾದರೂ ಒಪ್ಪಬೇಕಲ್ಲ?

ನೀನು ಹುಡುಕುತ್ತಿರುವ ಸಾರ್ಥಕ ಇದಕ್ಕಿಂತ ಜಾಸ್ತಿ ಏನಿರಬೇಕು ಅಂತ ನನಗೆ ತಿಳಿಯದು. ಕತೆಗಾರನಾಗಿ ನೀನು ಮಾಡೋದೂ ಇದನ್ನೇ. ಬಿಟ್ಟುಹೋದವರು ಯಾರು ಅಂತ ಕೇಳೋದು.

ಕಾದಂಬರಿಕಾರ ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿದ್ದವರು. ದೊಡ್ಡ ಕಂಪನಿಯ ಒಳಸಂಚು, ಕುರ್ಚಿಯ ಭಯ ಕನ್ನಡ ಕಾದಂಬರಿಗೆ ಅಷ್ಟು ಹತ್ತಿರದಿಂದ ಬಂದದ್ದು ಅವರು ಅಲ್ಲಿ ಇದ್ದದ್ದರಿಂದ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದ ವಕೀಲರು. ಕಷ್ಟ ಹೇಳಿಕೊಂಡು ಅವರ ಮುಂದೆ ಕೂತ ಹೆಂಗಸರು ಅವರ ಕತೆಗಳಲ್ಲಿ ಕಾಣುತ್ತಾರೆ. ಇವರಿಬ್ಬರೂ ಬದುಕನ್ನು ಒಂದು ಕಡೆ, ಬರಹವನ್ನು ಇನ್ನೊಂದು ಕಡೆ ಕಟ್ಟಿಡಲಿಲ್ಲ.

ಹಾಗಂತ ನೌಕರಿಯನ್ನು ಪೂಜೆ ಮಾಡು ಅನ್ನುತ್ತಿಲ್ಲ. ಎಷ್ಟೋ ಕಚೇರಿಗಳ ಗೋಡೆಯಲ್ಲಿ "ಕಾಯಕವೇ ಕೈಲಾಸ" ಅಂತ ಬೋರ್ಡು ಇರುತ್ತೆ, ಅದರ ಕೆಳಗಿನ ಕುರ್ಚಿ ಹನ್ನೊಂದಾದರೂ ಖಾಲಿ. ನನಗೆ ಆ ಬೋರ್ಡಿಗಿಂತ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಇಷ್ಟ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಅಂದವಳು. ದುಡಿಮೆ ದೊಡ್ಡದು ಅಂತ ಒಪ್ಪಿಕೊಂಡೇ ಅದಕ್ಕೂ ಒಂದು ಅಳತೆ ಇಟ್ಟಳು. ನಿನ್ನ ಕಚೇರಿಯಲ್ಲಿ ಯಾರಾದರೂ "ಸುಮ್ನೆ ಎರಡೇ ಹೆಸರು ಹಾಕು, ನಿನಗೂ ಏನಾದರೂ ಸಿಗುತ್ತೆ" ಅಂದ ದಿನ, ನೌಕರಿ ಬಿಡುವ ಮಾತು ನನ್ನ ಹತ್ತಿರ ಎತ್ತು. ಆಗ ಬೇಡ ಅನ್ನಲ್ಲ.

ಇನ್ನು, ಎಲ್ಲ ದಿನವೂ ಹೀಗಿರಲ್ಲ. ಬೆಳಿಗ್ಗೆಯಿಂದ ಸರ್ವರ್ ಡೌನ್, ಹೊರಗೆ ಜನ ಬೈಯುತ್ತಾ ನಿಂತಿದ್ದಾರೆ, ನಿನಗೆ ಊಟವೂ ಇಲ್ಲ. ಆ ದಿನಕ್ಕೆ ಅರ್ಥ ಹುಡುಕಲು ಹೋಗಬೇಡ. ಮನೆಗೆ ಹೋಗಿ ಮಲಗು.

ಬೆಳಿಗ್ಗೆ ಬೇಗ ಏಳೋದು, ದಿನಾ ಇಷ್ಟು ಪುಟ ಬರೆಯೋದು, ಅದೆಲ್ಲ ನಿನಗೆ ಬಿಟ್ಟದ್ದು.

ಆ ಅಕ್ಕನ ಕತೆ ಬರಿ. ತಮ್ಮಂದಿರನ್ನು ಖಳನಾಯಕರನ್ನಾಗಿ ಮಾಡಬೇಡ, ಅವರ ತಲೆ ಮೇಲೂ ಸಾಲ ಇದ್ದೀತು. ಹೊಸ ಅಫಿಡವಿಟ್ ಬರೆಸುವಾಗ ನೋಟರಿಯ ಮುಂದೆ ಆ ದೊಡ್ಡವನು ಅಕ್ಕನ ಹೆಸರು ಹೇಗೆ ಹೇಳಿದ ಅಂತ ಯೋಚಿಸು. ಪೂರ್ತಿ ಹೆಸರು ನೆನಪಿತ್ತಾ, ಕರೆಯುವ ಹೆಸರು ಮಾತ್ರ ಬಾಯಿಗೆ ಬಂತಾ? ದಸರಾ ರಜೆಯೊಳಗೆ ಕಳಿಸು. ಊರು, ಹೆಸರು, ಸರ್ವೆ ನಂಬರು ಎಲ್ಲ ಬದಲಿಸು. ನಿನ್ನ ನೌಕರಿ ಉಳೀಬೇಕು.

ಇಂತಿ,
ನಿನ್ನ ಅಕ್ಕ