ನಿಂತ ಗೋಡೆಗೆ ನಾಚಬೇಡ ಗೆಳೆಯಾ

ಶಿಡ್ಲಘಟ್ಟ

ಪ್ರೀತಿಯ ಗೆಳೆಯನಿಗೆ,

ಸೈಟಿನ ಖಾತೆ ಆಯಿತು, ಬ್ಯಾಂಕಿನವರು 20 ಲಕ್ಷ ಕೊಡೋದಕ್ಕೆ ಒಪ್ಪಿದ್ದಾರೆ, ಆಷಾಢ ಕಳೆದ ಮೇಲೆ ಗುದ್ದಲಿ ಪೂಜೆ ಅಂತ ನೀನು ತಿಳಿಸಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಅಮ್ಮ ಅಂತೂ ಆವತ್ತೇ ದೇವರಿಗೆ ದೀಪ ಹಚ್ಚಿದರು. ಮಾತು ಮುಗಿಸುವ ಮುಂಚೆ "ಒಂದು ರೂಪಾಯಿ ಸಾಲ ಇಲ್ಲದೆ ನೀನು ಹೇಗೋ ಕಟ್ಟಿದೆ?" ಅಂತ ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮನೆ ಕಟ್ಟಲು ಹೊರಟಿರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ, ನಿನ್ನ ಹೆಸರು ಹಾಕದೆ, ಎಲ್ಲರೂ ಓದುವ ಹಾಗೆ ಬರೆದಿದ್ದೇನೆ.

ನೀನು ಹೇಳಿದ ಸಾಲದ ಲೆಕ್ಕವನ್ನು ನಾನು ಕೂತು ಹಾಕಿ ನೋಡಿದೆ. 20 ಲಕ್ಷ, ಶೇಕಡಾ 8.5 ಬಡ್ಡಿ, 20 ವರ್ಷ. ತಿಂಗಳ ಕಂತು 17,350 ರೂಪಾಯಿ ಚಿಲ್ಲರೆ. ಮೊದಲನೇ ತಿಂಗಳ ಕಂತಿನಲ್ಲಿ 14 ಸಾವಿರಕ್ಕೂ ಮೇಲೆ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಮೂರು ಸಾವಿರ ಚಿಲ್ಲರೆ. ಬಡ್ಡಿ ದರ ಹೀಗೇ ಇದ್ದರೆ ಕೊನೇ ಕಂತಿನ ಹೊತ್ತಿಗೆ ನೀನು ಕಟ್ಟಿರುವುದು 41 ಲಕ್ಷದ 65 ಸಾವಿರದ ಹತ್ತಿರ. ಸಾಲ ಮಾಡಿದವರೆಲ್ಲ ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ ಕಣೋ. ತಿಂಗಳು ತಿಂಗಳು ಸಂಬಳ ಬರುವವನ ಲೆಕ್ಕ ಬೇರೆ, ಬೆಳೆ ನಂಬಿದವನ ಲೆಕ್ಕ ಬೇರೆ. ಆದರೆ ಈ ಲೆಕ್ಕವನ್ನು ಸಹಿ ಹಾಕುವ ಮುಂಚೆ ಮನೆಯವರ ಜೊತೆ ಕೂತು ನೋಡಬೇಕು. ಸಹಿ ಹಾಕಿದ ಮೇಲೆ ನೋಡಿ ಏನು ಪ್ರಯೋಜನ?

ನಮ್ಮಪ್ಪನ ವಿಷಯ ನಿನಗೆ ಗೊತ್ತಿದೆ, ಆದರೂ ಬರೆಯುತ್ತೇನೆ. ನಂದಿಬೆಟ್ಟದ ಸುತ್ತ ನದಿಗಳು ಹುಟ್ಟುತ್ತವೆ ಅನ್ನೋದು ಸರಿ, ಆದರೆ ವರ್ಷವಿಡೀ ಹರಿಯುವ ಹೊಳೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಗೆ ಬೋರಿನ ನೀರೇ ಗತಿ. ಅಪ್ಪ ಸಾವಿರ ಅಡಿ ಕೊರೆಸಿದ ಬೋರು ಬರೀ ಧೂಳು ಉಗುಳಿತು. ಆ ದುಡ್ಡು ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ 36. ಮೂರು ವರ್ಷ ತುಂಬುವ ಮೊದಲೇ ಬಡ್ಡಿ ಅಸಲಿನ ಸಮಕ್ಕೆ ಬಂದು ನಿಲ್ಲುತ್ತದೆ. ಕೆರೆ ಕೆಳಗಿನ ಹೊಲ ಮಾರಿ ತೀರಿಸಿದರು. ಹೊಲ ಹೋದದ್ದಕ್ಕಿಂತ ಹೆಚ್ಚಾಗಿ ನನಗೆ ಇವತ್ತಿಗೂ ನೆನಪಿರೋದು, ಬೀದಿಯಲ್ಲಿ ಬೈಕಿನ ಸದ್ದು ಕೇಳಿದರೆ ಅಪ್ಪ ಜಗಲಿಯಿಂದ ಎದ್ದು ಒಳಕ್ಕೆ ಹೋಗುತ್ತಿದ್ದದ್ದು. ನನ್ನ ಮಕ್ಕಳು ಅಂಥದ್ದನ್ನು ನೋಡಬಾರದು ಅಂತ ಮದುವೆಗೆ ಮುಂಚೆಯೇ ತೀರ್ಮಾನ ಮಾಡಿದ್ದೆ.

ಹಾಗಾಗಿ ನಾವು ಮೊದಲು ಕಟ್ಟಿದ್ದು ನಮ್ಮ ಮನೆಯನ್ನಲ್ಲ, ರೇಷ್ಮೆ ಹುಳು ಸಾಕುವ ಹುಳು ಮನೆಯನ್ನು. ನೀನು ಬಂದಾಗೆಲ್ಲ ನೋಡಿದ್ದೀಯಲ್ಲ, ಹಳೇ ಚಪ್ಪಡಿ ಮನೆಯೊಳಗೆ ಒಂದು ಕಡೆ ಹುಳುವಿನ ತಟ್ಟೆಗಳು, ಇನ್ನೊಂದು ಕಡೆ ನಮ್ಮ ಚಾಪೆ. ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಕಳಚುವುದು ಮುಗಿದು ಎದ್ದ ಮೇಲೆ ಹುಳು ಸೊಪ್ಪು ಮೇಯುವ ಸದ್ದಿನಲ್ಲೇ ಮಲಗಬೇಕಿತ್ತು. ಸುಣ್ಣ, ಬ್ಲೀಚಿಂಗ್ ಪುಡಿಯ ವಾಸನೆಗೆ ಅಮ್ಮನಿಗೆ ಕೆಮ್ಮು. ಒಂದು ಬೆಳೆಗೆ ರೋಗ ಬಂದರೆ ಮನೆಯನ್ನು ಸರಿಯಾಗಿ ತೊಳೆದು ಸೋಂಕು ತೆಗೆಯಲು ಆಗುತ್ತಿರಲಿಲ್ಲ, ಜನ ಇರೋ ಮನೆ ಅಲ್ಲವಾ. ಮುಂದಿನ ಬೆಳೆಯೂ ಕೈ ಕೊಡುತ್ತಿತ್ತು. ರೇಷ್ಮೆ ಇಲಾಖೆಯ ಸಹಾಯಧನಕ್ಕೆ ಅರ್ಜಿ ಹಾಕಿ, ಮಿಕ್ಕಿದ್ದಕ್ಕೆ ಕೈಯಿಂದ ಸೇರಿಸಿ ಹೊಲದಲ್ಲೇ ಹುಳು ಮನೆ ಎಬ್ಬಿಸಿದೆವು. "ಹೆಂಡತಿ ಮಕ್ಕಳಿಗೆ ಸೂರಿಲ್ಲ, ಹುಳುವಿಗೆ ಬಂಗಲೆ" ಅಂತ ಅಂದವರಿದ್ದರು. ಬೆಳೆ ಕೈಗೆ ಹತ್ತಲು ಶುರುವಾದದ್ದೇ ಆಮೇಲೆ. ದುಡಿಯುವ ಜಾಗ ಮೊದಲು ಗಟ್ಟಿಯಾಗಲಿ, ಮಲಗುವ ಜಾಗ ಸ್ವಲ್ಪ ಕಾಯಬಹುದು ಅನ್ನೋದು ನನ್ನ ನಂಬಿಕೆ.

ದುಡ್ಡಿನ ವಿಷಯದಲ್ಲಿ ನಮ್ಮನೆಯವಳು ಮಾಡಿದ ಕಟ್ಟುಪಾಡು ಒಂದೇ: ಹಾಲಿನ ದುಡ್ಡಲ್ಲಿ ಸಂಸಾರ, ರೇಷ್ಮೆ ಗೂಡಿನ ದುಡ್ಡಲ್ಲಿ ಮನೆ. ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ ಬರುತ್ತದಲ್ಲ, ಅಕ್ಕಿ ಬೇಳೆ, ಬಸ್ ಚಾರ್ಜು, ಕರೆಂಟ್ ಬಿಲ್ಲು, ಎಲ್ಲ ಅದರೊಳಗೇ. ಮಾರುಕಟ್ಟೆಯಲ್ಲಿ ಗೂಡು ಹರಾಜಾಗಿ ಬಂದ ದುಡ್ಡಲ್ಲಿ ಮುಂದಿನ ಬೆಳೆಯ ಚಾಕಿ (ಮರಿ ಹುಳು), ಗೊಬ್ಬರದ ಖರ್ಚು ತೆಗೆದಿಟ್ಟು, ಉಳಿದದ್ದು ಬೇರೆ ಖಾತೆಗೆ. ಆ ಖಾತೆಯ ಪಾಸ್ ಬುಕ್ಕು ಅವಳ ಹತ್ತಿರ, ಕೇಳಿದರೆ ನನಗೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಊಟಕ್ಕೆ ಕೊರತೆ ಮಾಡಿಕೊಂಡೆವು ಅಂತ ಅಂದುಕೊಳ್ಳಬೇಡ. ರಾಗಿ ಮನೇದು, ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು, ಕಾಲಕ್ಕೆ ಅವರೆ, ಇಲ್ಲದಾಗ ಹುರುಳಿ. ಬಿಟ್ಟಿದ್ದು ಹೊಸ ಬೈಕು, ದೊಡ್ಡ ಟಿವಿ, ಹಬ್ಬಕ್ಕೊಂದು ಸೀರೆ, ಕಂತಿನಲ್ಲಿ ತರುವ ಸಾಮಾನು. ಮಕ್ಕಳ ಫೀಸು, ಅಮ್ಮನ ಮಾತ್ರೆ, ಹಸುವಿನ ಬೂಸಾ, ಇವುಗಳಲ್ಲಿ ಒಂದು ಪೈಸೆ ಉಳಿಸಲು ನೋಡಲಿಲ್ಲ. ನೆಂಟರ ಮದುವೆಗೆ ಮುಯ್ಯಿಯನ್ನೂ ತಪ್ಪಿಸಲಿಲ್ಲ. ಅದೂ ತೀರಿಸಬೇಕಾದ ಬಾಕಿಯೇ ಅಲ್ಲವಾ.

ಈಗ ನಿನಗೆ ನಿಜವಾಗಿ ಬೇಕಾದ ವಿಷಯಕ್ಕೆ ಬರುತ್ತೇನೆ. ಕೈಯಲ್ಲಿ ದುಡ್ಡಿದ್ದಷ್ಟು ಕಟ್ಟಿ ನಿಲ್ಲಿಸುವವನು ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಲೇಬಾರದು ಅನ್ನೋದನ್ನು ಮೊದಲೇ ತಿಳಿದಿರಬೇಕು. ಪಾಯ ಹಾಕಿ, ಅದರ ಮೇಲೆ ಪ್ಲಿಂತ್ ಬೀಮ್ ಅನ್ನುವ ಕಾಂಕ್ರೀಟ್ ಪಟ್ಟಿ ಹಾಕಿ, ಒಳಗೆ ಮಣ್ಣು ತುಂಬಿ ನಿಲ್ಲಿಸು, ಏನೂ ಆಗೋದಿಲ್ಲ. ಒಂದು ಮಳೆಗಾಲ ನೆನೆದರೆ ತುಂಬಿದ ಮಣ್ಣು ಚೆನ್ನಾಗಿ ಕೂರುತ್ತದೆ, ಆಮೇಲೆ ನೆಲ ಕುಸಿಯೋದಿಲ್ಲ. ಗೋಡೆಯನ್ನು ಲಿಂಟಲ್, ಅಂದರೆ ಕಿಟಕಿ ಬಾಗಿಲಿನ ಮೇಲಿನ ತೊಲೆಯ ಮಟ್ಟದಲ್ಲಿ ನಿಲ್ಲಿಸಬಹುದು, ಆದರೆ ಗೋಡೆಯ ತಲೆಯ ಮೇಲೆ ಗಾರೆ ಬಳಿದು ಮುಚ್ಚಬೇಕು, ಇಲ್ಲದಿದ್ದರೆ ನೀರು ಒಳಕ್ಕೆ ಇಳಿಯುತ್ತದೆ. ಹೊರಗೆ ಉಳಿದ ಕಂಬಿಗೆ ಸಿಮೆಂಟ್ ಹಾಲು ಬಳಿದು ಬಿಡಬೇಕು, ತುಕ್ಕು ಹಿಡಿಯದ ಹಾಗೆ. ಸಿಮೆಂಟನ್ನು ಮಾತ್ರ ಯಾವತ್ತೂ ಮುಂದಕ್ಕೆ ಅಂತ ತಂದಿಡಬೇಡ. ಮೂರು ತಿಂಗಳಾದರೆ ಅದರ ಕಸುವು ಇಳಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ.

ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿಯ ವಿಷಯ ಹಾಗಲ್ಲ. ಅರ್ಧ ಮೋಲ್ಡ್ ಹಾಕಿ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಒಂದೇ ದಿನದಲ್ಲಿ ಮುಗಿಯಬೇಕು. ಕಂಬಿ, ಸಿಮೆಂಟು, ಜಲ್ಲಿ, ಎಂ ಸ್ಯಾಂಡು, ಸೆಂಟ್ರಿಂಗ್ ಬಾಡಿಗೆ, ಕರೆಂಟಿನ ಪೈಪು, ಕೂಲಿ, ಅವತ್ತಿನ ಊಟ, ಇಷ್ಟೂ ದುಡ್ಡು ಕೈಗೆ ಬರುವ ತನಕ ಮೋಲ್ಡಿನ ಮಾತೇ ಎತ್ತಬಾರದು. ಲಿಂಟಲ್ ಆದ ತಕ್ಷಣ "ಹೇಗೂ ಇಷ್ಟಾಯಿತು, ಒಂದು ಲಕ್ಷ ಎಲ್ಲಾದರೂ ತಂದು ಮೋಲ್ಡ್ ಹಾಕಿಸಿಬಿಡು" ಅಂತ ನಾಲ್ಕು ಜನ ಹೇಳುತ್ತಾರೆ. ನಾನು ನೋಡಿದ ಹಾಗೆ ನಮ್ಮ ಕಡೆ ಸಾಲ ಮನೆಯೊಳಕ್ಕೆ ಕಾಲಿಡುವುದು ಆ ಘಟ್ಟದಲ್ಲೇ. ಮೋಲ್ಡ್ ಆದ ಮೇಲೆ ಮತ್ತೆ ನಿರಾಳ. ಗಾರೆ ಮುಂದಿನ ವರ್ಷ ಮಾಡಿಸು, ನೆಲ ಅದರ ಮುಂದಿನ ವರ್ಷ, ಬಣ್ಣ ಇನ್ನೂ ಆಮೇಲೆ. ಕಿಟಕಿ ಬಾಗಿಲು ಕೂರಿಸಿ, ಸಿಮೆಂಟ್ ನೆಲದ ಮೇಲೆ ಸಂಸಾರ ಹೂಡಬಹುದು. ಮನೆ ಬಾಡಿಗೆ ಉಳಿಯಲು ಶುರುವಾಗೋದು ಅವತ್ತಿನಿಂದ.

ನಮ್ಮ ಪಾಯ 2017ರಲ್ಲಿ. ಆರೂವರೆ ಚದರ (ಒಂದು ಚದರ ಅಂದರೆ ನೂರು ಚದರಡಿ), ನಮ್ಮ ಕಡೆಯ ಸೈಜುಗಲ್ಲು. ಗೋಡೆ ಎದ್ದಿದ್ದು 2019ರ ಕೊನೆಗೆ. ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂತು, ಗೂಡಿನ ದರ ಬಿದ್ದುಹೋಯಿತು, ಗೋಡೆ ಅಲ್ಲಿಗೇ ನಿಂತಿತು. ಒಳಗೆ ಹುಲ್ಲು ಬೆಳೆಯಿತು. ನಮ್ಮನೆಯವಳು ಅದನ್ನು ಕಿತ್ತು ಸಾರಿಸಿ ಹುರುಳಿ, ಅವರೆ ಒಣಗಿಸಲು ಇಟ್ಟುಕೊಂಡಳು. "ಪಾಯ ಹಾಕಿದ ಗಳಿಗೆ ಸರಿಯಿಲ್ಲ", "ಕೈಲಾಗದವನು ಯಾಕೆ ಕೈ ಹಾಕಬೇಕಿತ್ತು", ಇಂಥ ಮಾತುಗಳು ಕಿವಿಗೆ ಬೀಳುತ್ತಿದ್ದವು. ಹೆಚ್ಚು ನೋವಾಗುತ್ತಿದ್ದದ್ದು ಅಮ್ಮನಿಗೆ. ಆದರೆ ಅದೇ ಹೊತ್ತಿನಲ್ಲಿ ಕಂತಿನಲ್ಲಿ ಮನೆ ಕಟ್ಟಿದ್ದ ನಮ್ಮ ನೆಂಟರೊಬ್ಬರ ಸ್ಥಿತಿ ನೋಡಿದೆ. ರಿಸರ್ವ್ ಬ್ಯಾಂಕು ಆ ವರ್ಷ ಮಾರ್ಚಿನಿಂದ ಆಗಸ್ಟಿನವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು ನಿಜ, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಅವರಿಗೆ ರಾತ್ರಿ ನಿದ್ದೆ ಇರಲಿಲ್ಲ. ನಮ್ಮ ಗೋಡೆ ನಿಂತಿತ್ತು, ಆದರೆ ನಾವು ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಗೂಡಿನ ದರ ಚೇತರಿಸಿಕೊಂಡು, 2022ರ ಶುರುವಿನಲ್ಲಿ ನಾವು ಕಂಡರಿಯದಷ್ಟು ಏರಿದಾಗ ಮೋಲ್ಡ್ ಹಾಕಿಸಿದೆವು.

ಕೂಲಿಯ ಖರ್ಚು ತಗ್ಗಿಸಿದ್ದು ಮುಯ್ಯಾಳಿನಿಂದ. ಪಾಯ ಅಗೆಯಲು ಚಿಕ್ಕಪ್ಪನ ಮಕ್ಕಳು, ಭಾವಮೈದ ಬಂದರು. ಅವರ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದಾಗ ಚಂದ್ರಿಕೆ ತಟ್ಟೆಗೆ ಬಿಡಲು ನಾವು ಗಂಡ ಹೆಂಡತಿ ಹೋದೆವು. ನಿನಗೆ ಡ್ಯೂಟಿ ಇರುತ್ತದೆ, ಇದೆಲ್ಲ ಆಗುವುದಿಲ್ಲ. ಆದರೆ ನೀರು ಹಾಕುವ ಕೆಲಸವನ್ನು ಬೇರೆಯವರಿಗೆ ಬಿಡಬೇಡ. ಗೋಡೆಗೆ ವಾರವಾದರೂ ದಿನಾ ನೀರು ಬೀಳಬೇಕು. ಮೋಲ್ಡ್ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಈಗ ಬರುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಹತ್ತು ದಿನಕ್ಕೆ ಕಡಿಮೆ ಆಗಬಾರದು. ಟ್ಯಾಂಕರ್ ನೀರಿಗೆ ದುಡ್ಡು ಸುರಿಯುವಾಗ ಗೋಣಿಚೀಲ ನೆನೆಸಿ ಹೊದಿಸಿದರೆ ತೇವ ಬೇಗ ಆರೋದಿಲ್ಲ. ಇನ್ನು ಮೇಸ್ತ್ರಿ. ಸಾಮಾನು ನೀನೇ ತಂದುಕೊಡು, ಕೂಲಿ ಮಾತ್ರ ಚದರದ ಲೆಕ್ಕದಲ್ಲಿ ಮಾತಾಡು. ಒಂದು ಹಂತ ಮುಗಿದಾಗ ಅವರ ದುಡ್ಡು ಪೂರ್ತಿ ಕೊಟ್ಟುಬಿಡು. ನಮ್ಮ ಮೇಸ್ತ್ರಿ ಎರಡು ವರ್ಷ ಬಿಟ್ಟು ಕರೆದರೂ ಬಂದರು, ಯಾಕೆಂದರೆ ಅವರಿಗೆ ನಮ್ಮಿಂದ ಬಾಕಿ ಇರಲಿಲ್ಲ.

ಹಳೇ ಮನೆಯದ್ದೂ ಬಹಳ ಬಳಸಿಕೊಂಡೆವು. ತಾತ ಹಾಕಿಸಿದ್ದ ತಲೆಬಾಗಿಲನ್ನು ಉಜ್ಜಿ ಎಣ್ಣೆ ಹಚ್ಚಿ ಹೊಸ ಮನೆಗೆ ಕೂರಿಸಿದೆವು, ಚಪ್ಪಡಿಗಳು ಮೆಟ್ಟಿಲಿಗೂ ಬಟ್ಟೆ ಒಗೆಯುವ ಕಡೆಗೂ ಬಂದವು. ಅಡಿಗೆ ಮನೆಯ ಷೆಲ್ಫಿಗೆ ಕಡಪ ಕಲ್ಲು ಸಾಕಾಯಿತು.

ಕಾಯುತ್ತಾ ಕೂತರೆ ಸಿಮೆಂಟು ಕಬ್ಬಿಣದ ಬೆಲೆ ಏರುತ್ತದೆ ಅನ್ನುತ್ತೀಯ. ಏರುತ್ತದೆ, ಒಪ್ಪುತ್ತೇನೆ. ಈಗಲೇ ಚದರಕ್ಕೆ ಎರಡು ಲಕ್ಷದ ಹತ್ತಿರ ಕೇಳುತ್ತಾರೆ. ಅದಕ್ಕೆ ನನ್ನ ಉತ್ತರ, ಚದರ ಕಡಿಮೆ ಮಾಡು. ನಿನ್ನ 30×40 ಸೈಟಿನಲ್ಲಿ ತುಂಬ ಕಟ್ಟಲೇಬೇಕೆಂದು ಯಾರೂ ಹೇಳಿಲ್ಲ. ನಡುಮನೆ, ಅಡಿಗೆ ಮನೆ, ಒಂದು ರೂಮು ಈಗ. ಪಕ್ಕದಲ್ಲಿ ಇನ್ನೊಂದು ರೂಮಿಗೆ ಪಾಯ ಮಾತ್ರ ಹಾಕಿ ಬಿಡು. ನಿನ್ನ ಹತ್ತಿರ ಕೂಡಿಟ್ಟ ದುಡ್ಡಿದೆ ಅಂದೆ. ಮಿಕ್ಕಿದ್ದಕ್ಕೆ ಸಾಲ ತೆಗೆದೇ ತೀರಬೇಕು ಅಂತಾದರೆ 8 ಲಕ್ಷ ತೆಗೆದು 7 ವರ್ಷಕ್ಕೆ ಮುಗಿಸು. ಅದೇ 8.5ರ ಬಡ್ಡಿಗೆ ಕಂತು 12,670ರ ಆಸುಪಾಸು, ಒಟ್ಟು ಬಡ್ಡಿ 2 ಲಕ್ಷದ 65 ಸಾವಿರದೊಳಗೆ. 20 ಲಕ್ಷಕ್ಕೆ ಬಡ್ಡಿಯೇ 21 ಲಕ್ಷ ದಾಟುತ್ತದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು. ಫ್ಲೋಟಿಂಗ್, ಅಂದರೆ ಆಗಾಗ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಬೋನಸ್ ಬಂದಾಗೆಲ್ಲ ಅಸಲಿಗೆ ಕಟ್ಟು.

ಮನೆಯ ಪ್ಲಾನು ತೆಗೆದುಕೊಂಡು ಮುಂದಿನ ಭಾನುವಾರ ಬಾ. ನಿಮ್ಮ ಮನೆಯವರನ್ನೂ ಕರೆದುಕೊಂಡು ಬಾ, ಅವರ ಮಾತು ಕೇಳದೆ ಇಂಥ ತೀರ್ಮಾನ ಮಾಡಬೇಡ. ನಮ್ಮ ಮೇಸ್ತ್ರಿಗೆ ಹೇಳಿಟ್ಟಿದ್ದೇನೆ, ಬೆಳಗ್ಗೆಯೇ ಬರುತ್ತಾರೆ. ಎಲ್ಲಿ ಗೋಡೆ ಕಡಿಮೆ ಮಾಡಬಹುದು ಅಂತ ಅವರು ನೋಡಿ ಹೇಳಲಿ. ಅಲ್ಲಿಯತನಕ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬೇಡ ಕಣಪ್ಪಾ, ಒಂದು ವಾರದಲ್ಲಿ ಏನೂ ಕೆಟ್ಟುಹೋಗುವುದಿಲ್ಲ. ಅವರೆಕಾಳು ಸಾರು, ಮುದ್ದೆ ಮಾಡಿಸಿರುತ್ತೇನೆ.

ಇಂತಿ ನಿನ್ನ ಪ್ರೀತಿಯ ಗೆಳೆಯ